ತೂಕ ಇಳಿಸುವ ಚುಚ್ಚುಮದ್ದು: ಕೊಬ್ಬು ಕರಗಲಿ, ಸ್ನಾಯು ಉಳಿಯಲಿ

ಹಸಿವನ್ನು ತಗ್ಗಿಸಿ ತೂಕ ಇಳಿಸುವ ಔಷಧಿಗಳು ಈಗ ನಮ್ಮ ದೇಶದ ಮಾರುಕಟ್ಟೆಯಲ್ಲಿವೆ. ಟಿರ್ಜೆಪಟೈಡ್ ಎಂಬ ಔಷಧಿ ‘ಮೌಂಜಾರೊ’ ಎಂಬ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿಯೂ, ಸೆಮಾಗ್ಲುಟೈಡ್ ಎಂಬುದು ‘ವೆಗೊವಿ’ ಎಂಬ ಹೆಸರಿನಲ್ಲಿ ಅದೇ ವರ್ಷದ ಜೂನ್‌ನಲ್ಲಿಯೂ ಭಾರತಕ್ಕೆ ಬಂದವು. ಸೆಮಾಗ್ಲುಟೈಡ್ ಅನ್ನೇ ಮಾತ್ರೆಯ ರೂಪದಲ್ಲಿ ಸಕ್ಕರೆ ಕಾಯಿಲೆಗೆ ವೈದ್ಯರು ಅದಕ್ಕೂ ಮೊದಲಿನಿಂದ ಬರೆಯುತ್ತಿದ್ದಾರೆ.

ಗಟ್ಟು, ಗದ್ವಾಲ, ಮಕ್ತಲ, ನಾರಾಯಣಪೇಟೆ ಸೀಮೆಯ ಕನ್ನಡ ಕುಟುಂಬಗಳಿಗೆ ಈ ವಿಷಯದಲ್ಲಿ ಒಂದು ಹೆಚ್ಚಿನ ತೊಡಕಿದೆ. ಔಷಧಿಯ ಪೆಟ್ಟಿಗೆಯ ಮೇಲಿನ ಬರಹ ಇಂಗ್ಲಿಷಿನಲ್ಲಿರುತ್ತದೆ, ವೈದ್ಯರ ಮಾತು ಬಹುಮಟ್ಟಿಗೆ ತೆಲುಗಿನಲ್ಲಿರುತ್ತದೆ, ಮನೆಗೆ ಬಂದು ಅಡುಗೆ ಮಾಡಿ ಉಣ್ಣುವುದು ಮಾತ್ರ ಕನ್ನಡದಲ್ಲಿ. ‘ವಾರಕ್ಕೊಮ್ಮೆ ಚುಚ್ಚಿಕೊಳ್ಳಿ’ ಎಂಬ ಮಾತು ನೆನಪಿನಲ್ಲಿ ಉಳಿದು, ಏನನ್ನು ಉಣ್ಣಬೇಕು, ಏನನ್ನು ಎತ್ತಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು ಎಂಬ ಮಾತು ನಡುದಾರಿಯಲ್ಲಿ ಕಳೆದುಹೋಗುತ್ತದೆ. ಆದ್ದರಿಂದ ಈ ಮಾಹಿತಿಯನ್ನು ನಾವು ಒಂದೆಡೆ ಕೂಡಿಸಿ ಕೊಡುತ್ತಿದ್ದೇವೆ. ನಾವು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ: ತಕ್ಕಡಿಯ ಮುಳ್ಳು ಇಳಿದ ಮಾತ್ರಕ್ಕೆ ಆರೋಗ್ಯ ಏರಿತೆಂದು ತಿಳಿಯಬಾರದು. ಇಳಿದದ್ದು ಕೊಬ್ಬೋ ಸ್ನಾಯುವೋ ಎಂಬುದನ್ನು ನೋಡಬೇಕು.

ಈ ಔಷಧಿಗಳು ಮಾಡುವುದೇನು?

ಊಟ ಮಾಡಿದಾಗ ನಮ್ಮ ಕರುಳಿನಲ್ಲಿ ಜಿಎಲ್‌ಪಿ-1 ಎಂಬ ಹಾರ್ಮೋನು ಹುಟ್ಟುತ್ತದೆ. ಅದು ಮೆದುಳಿಗೆ ‘ಹೊಟ್ಟೆ ತುಂಬಿತು’ ಎಂದು ತಿಳಿಸುತ್ತದೆ, ಜಠರದಿಂದ ಆಹಾರ ಮುಂದೆ ಸಾಗುವುದನ್ನು ನಿಧಾನಗೊಳಿಸುತ್ತದೆ, ಇನ್ಸುಲಿನ್ ಸ್ರವಿಸಲು ನೆರವಾಗುತ್ತದೆ. ಮೇಲೆ ಹೇಳಿದ ಔಷಧಿಗಳು ಈ ಹಾರ್ಮೋನಿನಂತೆಯೇ ವರ್ತಿಸುತ್ತವೆ, ಆದರೆ ದೇಹದಲ್ಲಿ ಬಹಳ ಹೆಚ್ಚು ಹೊತ್ತು ಉಳಿಯುತ್ತವೆ. ಟಿರ್ಜೆಪಟೈಡ್ ಇದರೊಂದಿಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಫಲವಾಗಿ ನಾಲ್ಕು ರೊಟ್ಟಿ ಉಣ್ಣುತ್ತಿದ್ದವರಿಗೆ ಒಂದು ರೊಟ್ಟಿಗೇ ಸಾಕೆನಿಸುತ್ತದೆ.

2021ರಲ್ಲಿ ಪ್ರಕಟವಾದ ‘ಸ್ಟೆಪ್-1’ ಅಧ್ಯಯನದಲ್ಲಿ 1,961 ವಯಸ್ಕರು ಪಾಲ್ಗೊಂಡಿದ್ದರು. ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ. 14.9ರಷ್ಟು ಇಳಿಯಿತು. ಔಷಧಿಯಿಲ್ಲದ ಚುಚ್ಚುಮದ್ದು ಪಡೆದವರಲ್ಲಿ ಇಳಿದದ್ದು ಶೇ. 2.4 ಮಾತ್ರ. 2022ರಲ್ಲಿ ಪ್ರಕಟವಾದ ಟಿರ್ಜೆಪಟೈಡ್‌ನ ‘ಸರ್ಮೌಂಟ್-1’ ಅಧ್ಯಯನದಲ್ಲಿ ಅತಿ ಹೆಚ್ಚಿನ ಪ್ರಮಾಣ ಪಡೆದವರು 72 ವಾರಗಳಲ್ಲಿ ಶೇ. 20.9ರಷ್ಟು ತೂಕ ಕಳೆದುಕೊಂಡರು. ಹೀಗೆ ಔಷಧಿಗೆ ಶಕ್ತಿಯಿದೆ ಎಂಬುದರಲ್ಲಿ ಸಂಶಯವಿಲ್ಲ. ಅತಿತೂಕದೊಂದಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲ ನೋವು ಇರುವವರಿಗೆ ಇದರಿಂದ ದೊಡ್ಡ ಉಪಕಾರವಾಗಬಲ್ಲದು. ಆದುದರಿಂದ ವೈದ್ಯರು ಬರೆದುಕೊಟ್ಟವರು ಈ ಲೇಖನ ಓದಿ ಹೆದರಿ ಔಷಧಿ ಬಿಡಬಾರದು.

ಇಳಿಯುವ ತೂಕದಲ್ಲಿ ಏನೇನಿದೆ?

ದೇಹಕ್ಕೆ ಬೇಕಾದಷ್ಟು ಆಹಾರ ಸಿಗದಿದ್ದಾಗ ಅದು ತನ್ನಲ್ಲಿರುವ ಸಂಗ್ರಹವನ್ನು ಬಳಸಿಕೊಳ್ಳುತ್ತದೆ. ಮುಖ್ಯ ಸಂಗ್ರಹ ಕೊಬ್ಬು. ಆದರೆ ಊಟದಲ್ಲಿ ಪ್ರೋಟೀನ್ ಕಡಿಮೆಯಾಗಿ, ಸ್ನಾಯುಗಳಿಗೆ ಕೆಲಸವೂ ಇಲ್ಲದಿದ್ದರೆ ದೇಹ ಸ್ನಾಯುವನ್ನೂ ಒಡೆದು ಬಳಸುತ್ತದೆ. ಇದು ಚುಚ್ಚುಮದ್ದಿನಿಂದ ಮಾತ್ರ ಆಗುವ ದೋಷವಲ್ಲ. ಉಪವಾಸದಿಂದಲೂ ಕಾಯಿಲೆಯಿಂದಲೂ ತೂಕ ಇಳಿದಾಗ ಹೀಗೆಯೇ ಆಗುತ್ತದೆ. ಆದರೆ ಈ ಔಷಧಿಗಳಿಂದ ತೂಕ ಬೇಗನೆ, ಬಹಳವಾಗಿ ಇಳಿಯುವುದರಿಂದ ಎಚ್ಚರ ಹೆಚ್ಚು ಬೇಕು.

ಮೇಲಿನ ಎರಡೂ ಅಧ್ಯಯನಗಳಲ್ಲಿ ಕೆಲವರ ದೇಹವನ್ನು ಡೆಕ್ಸಾ ಎಂಬ ವಿಶೇಷ ಕ್ಷಕಿರಣ ಯಂತ್ರದಿಂದ ಅಳೆಯಲಾಯಿತು. ಸೆಮಾಗ್ಲುಟೈಡ್ ಪಡೆದವರಲ್ಲಿ ಇಳಿದ ತೂಕದ ಸುಮಾರು ಶೇ. 40ರಷ್ಟು, ಟಿರ್ಜೆಪಟೈಡ್ ಪಡೆದವರಲ್ಲಿ ಸುಮಾರು ಶೇ. 25ರಷ್ಟು ಕೊಬ್ಬಲ್ಲದ ಭಾಗದಿಂದ ಹೋಗಿತ್ತು. ‘ಕೊಬ್ಬಲ್ಲದ ಭಾಗ’ ಎಂದರೆ ಸ್ನಾಯು ಮಾತ್ರವಲ್ಲ, ನೀರು ಮತ್ತು ಒಳ ಅಂಗಗಳೂ ಅದರಲ್ಲಿ ಸೇರುತ್ತವೆ. ಆದರೂ ಲೆಕ್ಕ ಹಾಕಿ ನೋಡಬಹುದು. 80 ಕಿಲೊ ತೂಕದವರು 12 ಕಿಲೊ ಇಳಿದರೆ ಅದರಲ್ಲಿ 3ರಿಂದ 5 ಕಿಲೊ ಕೊಬ್ಬಲ್ಲದ್ದಾಗಿರಬಹುದು.

ನಮ್ಮವರಿಗೆ ಇದು ಇನ್ನೂ ಮುಖ್ಯ. ಭಾರತೀಯರಲ್ಲಿ ಅದೇ ತೂಕ, ಅದೇ ಎತ್ತರದ ಯುರೋಪಿನವರಿಗಿಂತ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಇರುವುದು ಸಾಮಾನ್ಯ. ಪುಣೆಯ ವೈದ್ಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ದೇಹವನ್ನೇ ಹೋಲಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ತೋರಿಸಿದರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಆದರೆ ಕೊಬ್ಬಿನ ಪಾಲು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಸ್ನಾಯುವಿನ ಬಂಡವಾಳವೇ ಕಡಿಮೆ ಇರುವವರು ಅದನ್ನು ಇನ್ನಷ್ಟು ಖರ್ಚು ಮಾಡಿಕೊಳ್ಳಬಾರದು.

ಸ್ನಾಯು ಹೋದರೆ ನಷ್ಟವೇನು?

ಸ್ನಾಯು ಮೈಕಟ್ಟಿನ ಸೊಗಸಿಗೆ ಮಾತ್ರ ಇರುವುದಲ್ಲ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯ ಬಹುಪಾಲನ್ನು ಹೀರಿಕೊಳ್ಳುವುದು ಸ್ನಾಯುವೇ. ಬಾವಿಕಟ್ಟೆಯಿಂದ ಕೊಡ ಎತ್ತುವುದು, ನೆಲದಿಂದ ಕೈಯೂರದೆ ಏಳುವುದು, ಬಸ್ಸಿನ ಮೆಟ್ಟಿಲು ಹತ್ತುವುದು, ಎಡವಿದಾಗ ಬೀಳದೆ ಸಾವರಿಸಿಕೊಳ್ಳುವುದು ಎಲ್ಲವೂ ಸ್ನಾಯುಬಲದ ಕೆಲಸಗಳು. 60 ದಾಟಿದ ಅಜ್ಜ ಅಜ್ಜಿಯರಲ್ಲಿ ಒಮ್ಮೆ ಕಳೆದ ಸ್ನಾಯು ಮರಳಿ ಬರುವುದು ಕಷ್ಟ.

ಇನ್ನೊಂದು ಸಂಗತಿಯಿದೆ. ‘ಸ್ಟೆಪ್-1’ ಅಧ್ಯಯನದಲ್ಲಿ ಔಷಧಿ ನಿಲ್ಲಿಸಿದವರು ಒಂದು ವರ್ಷದೊಳಗೆ ಇಳಿಸಿದ್ದ ತೂಕದ ಮೂರನೆಯ ಎರಡು ಭಾಗವನ್ನು ಮರಳಿ ಪಡೆದರು. ಹೀಗೆ ಮರಳುವ ತೂಕದಲ್ಲಿ ಕೊಬ್ಬಿನ ಪಾಲು ಹೆಚ್ಚಿರುವ ಸಾಧ್ಯತೆಯಿದೆ. ಸ್ನಾಯು ಹೋಗಿ ಕೊಬ್ಬು ಮರಳಿದರೆ ಮೊದಲಿಗಿಂತ ಕೆಟ್ಟ ಸ್ಥಿತಿಯೇ ಆದೀತು. ಮೌಂಜಾರೊ ಮಾರುಕಟ್ಟೆಗೆ ಬಂದಾಗ ವಾರಕ್ಕೊಂದರಂತೆ ಬಳಸುವ 2.5 ಮಿಲಿಗ್ರಾಂ ಸೀಸೆಯ ಬೆಲೆ 3,500 ರೂಪಾಯಿ, 5 ಮಿಲಿಗ್ರಾಂ ಸೀಸೆಯದು 4,375 ರೂಪಾಯಿ ಇತ್ತು. ಎರಡು ತಿಂಗಳು ಸಾಲ ಮಾಡಿ ತೆಗೆದುಕೊಂಡು ಮೂರನೆಯ ತಿಂಗಳು ಬಿಡುವುದಾದರೆ, ಆರಂಭಿಸುವ ಮೊದಲೇ ವೈದ್ಯರೊಡನೆ ಖರ್ಚಿನ ಮಾತನ್ನೂ ಆಡುವುದು ಒಳಿತು.

ಮೊದಲ ಕಾವಲು: ತಟ್ಟೆಯಲ್ಲಿ ಪ್ರೋಟೀನ್ ಮೊದಲು

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೊ ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ನಿಗದಿಪಡಿಸಿದೆ. ತೂಕ ಇಳಿಸುವ ಕಾಲದಲ್ಲಿ ಇದು ಸಾಲದು. ಈ ಔಷಧಿ ಪಡೆಯುವವರಿಗಾಗಿ ಅಮೆರಿಕದ ಪೌಷ್ಟಿಕಾಂಶ ಮತ್ತು ಸ್ಥೂಲಕಾಯ ತಜ್ಞರ ಸಂಘಗಳು 2025ರಲ್ಲಿ ಕೂಡಿ ನೀಡಿದ ಸಲಹೆಯಲ್ಲಿ 1.2ರಿಂದ 1.6 ಗ್ರಾಂ ಎಂದಿದೆ. ತೂಕ ಬಹಳ ಹೆಚ್ಚಿರುವವರು ಈಗಿನ ತೂಕಕ್ಕೆ ಬದಲಾಗಿ ತಮ್ಮ ಎತ್ತರಕ್ಕೆ ತಕ್ಕ ತೂಕವನ್ನು ಹಿಡಿದು ಲೆಕ್ಕ ಹಾಕಬೇಕು. ಆ ತೂಕ 60 ಕಿಲೊ ಆದರೆ ದಿನಕ್ಕೆ ಕನಿಷ್ಠ 72 ಗ್ರಾಂ ಆಗುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಈ ಲೆಕ್ಕ ಅನ್ವಯಿಸದು. ಅವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ನಮ್ಮ ಸೀಮೆಯ ಅಡುಗೆಮನೆಯಲ್ಲಿ ಸಿಗುವ ಪದಾರ್ಥಗಳ ಅಂದಾಜು ಪ್ರೋಟೀನ್ ಪ್ರಮಾಣ ಹೀಗಿದೆ:

- ಮೊಟ್ಟೆ, 1: 6 ಗ್ರಾಂ
- ಹಾಲು, 200 ಮಿಲಿಲೀಟರಿನ ಒಂದು ಲೋಟ: 6 ಗ್ರಾಂ
- ಗಟ್ಟಿ ಮೊಸರು, 150 ಗ್ರಾಂ: 5 ಗ್ರಾಂ
- ತೊಗರಿಬೇಳೆ, ಹೆಸರುಕಾಳು, ಹುರುಳಿ, ಬೇಯಿಸುವ ಮೊದಲು 30 ಗ್ರಾಂ: 6ರಿಂದ 7 ಗ್ರಾಂ
- ಪುಟಾಣಿ, 30 ಗ್ರಾಂ: 6ರಿಂದ 7 ಗ್ರಾಂ
- ಶೇಂಗಾ, 30 ಗ್ರಾಂ: 7 ಗ್ರಾಂ
- ಒಣ ಸೋಯಾ ಚಂಕ್ಸ್, 30 ಗ್ರಾಂ: 15 ಗ್ರಾಂ
- ಎಲುಬಿಲ್ಲದ ಕೋಳಿಮಾಂಸ ಅಥವಾ ಮೀನು, 100 ಗ್ರಾಂ: 18ರಿಂದ 22 ಗ್ರಾಂ
- ಜೋಳದ ರೊಟ್ಟಿ, 50 ಗ್ರಾಂ ಹಿಟ್ಟಿನದು: 5 ಗ್ರಾಂ

ಸಸ್ಯಾಹಾರಿಯೊಬ್ಬರ ಒಂದು ದಿನವನ್ನು ಕೂಡಿಸಿ ನೋಡೋಣ. ಬೆಳಿಗ್ಗೆ ಒಂದು ಲೋಟ ಹಾಲು, ಒಂದು ಹಿಡಿ ಪುಟಾಣಿ. ಮಧ್ಯಾಹ್ನ ಒಂದು ಜೋಳದ ರೊಟ್ಟಿ, 45 ಗ್ರಾಂ ತೊಗರಿಬೇಳೆಯ ಗಟ್ಟಿ ಪಪ್ಪು, ಮೊಸರು. ಸಂಜೆ ಮೊಳಕೆ ಬರಿಸಿ ಬೇಯಿಸಿದ ಹೆಸರುಕಾಳು. ರಾತ್ರಿ ಒಂದು ರೊಟ್ಟಿ, ಸೋಯಾ ಚಂಕ್ಸ್ ಪಲ್ಯ, ಮಲಗುವ ಮುನ್ನ ಹಾಲು. ಇಷ್ಟಕ್ಕೆ ಸುಮಾರು 65 ಗ್ರಾಂ ಆಗುತ್ತದೆ. ಮೊಟ್ಟೆ ತಿನ್ನುವವರು ಎರಡು ಮೊಟ್ಟೆ ಸೇರಿಸಿದರೆ 77 ಗ್ರಾಂ. ತಿನ್ನದವರು ಇನ್ನೊಂದು ಬಟ್ಟಲು ಮೊಸರು, ಒಂದು ಹಿಡಿ ಶೇಂಗಾ ಸೇರಿಸಿಕೊಳ್ಳಬಹುದು. ದುಬಾರಿ ಪ್ರೋಟೀನ್ ಪುಡಿ ಎಲ್ಲರಿಗೂ ಬೇಕಾಗುವುದಿಲ್ಲ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶವನ್ನು ಬೇಳೆಕಾಳು ತುಂಬಿಕೊಡುತ್ತದೆ. ರೊಟ್ಟಿಯೊಡನೆ ಕಾಳುಪಲ್ಯ ಉಣ್ಣುವ ನಮ್ಮ ಹಿರಿಯರ ರೂಢಿ ಈ ಕಾರಣಕ್ಕೂ ಒಳ್ಳೆಯದು.

ಹಸಿವೇ ಇಲ್ಲದವರು ಇಷ್ಟನ್ನು ಉಣ್ಣುವುದು ಹೇಗೆ? ಕ್ರಮವನ್ನು ಬದಲಿಸಬೇಕು. ತಟ್ಟೆಯಲ್ಲಿ ಮೊದಲು ಪಪ್ಪು, ಕಾಳು, ಮೊಟ್ಟೆ ಅಥವಾ ಮೊಸರು. ಆಮೇಲೆ ಪಲ್ಯ. ಕೊನೆಯಲ್ಲಿ ರೊಟ್ಟಿ, ಅನ್ನ. ಅನ್ನದಿಂದ ಆರಂಭಿಸಿದರೆ ಹೊಟ್ಟೆ ತುಂಬಿ ಬೇಳೆ ಉಳಿಯುತ್ತದೆ. ಎರಡು ದೊಡ್ಡ ಊಟದ ಬದಲು ನಾಲ್ಕೈದು ಸಣ್ಣ ಊಟ ಮಾಡಬೇಕು. ತಿಳಿಸಾರಿನಲ್ಲಿ ಬೇಳೆ ಎಷ್ಟಿದೆ ಎಂದು ಸೌಟು ಹಾಕಿ ನೋಡಬೇಕು. ತಿಳಿನೀರಿನಲ್ಲಿ ಪ್ರೋಟೀನ್ ಅಲ್ಪ. ಹಸಿವು ಬಾರದಿದ್ದರೂ ಗಡಿಯಾರ ನೋಡಿ ಉಣ್ಣುವುದು ಈ ಕಾಲದ ನಿಯಮ.

ಕೊನೆಗೆ ಉಣ್ಣುವ ತಾಯಂದಿರು

ನಮ್ಮ ಬಹಳಷ್ಟು ಮನೆಗಳಲ್ಲಿ ಮಕ್ಕಳಿಗೂ ಗಂಡಸರಿಗೂ ಬಡಿಸಿದ ಮೇಲೆ ಉಳಿದದ್ದನ್ನು ತಾಯಿ ಉಣ್ಣುತ್ತಾಳೆ. ಹಸಿವಿದ್ದಾಗ ಆಕೆ ಹೇಗೋ ಉಣ್ಣುತ್ತಿದ್ದಳು. ಹಸಿವು ಅಡಗಿಸುವ ಔಷಧಿ ಸೇರಿದರೆ ‘ನನಗೆ ಬೇಡ’ ಎಂದು ಪಾತ್ರೆ ತೊಳೆದು ಮಲಗುತ್ತಾಳೆ, ಅದು ಯಾರ ಗಮನಕ್ಕೂ ಬರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತೆಲಂಗಾಣದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಅತಿತೂಕವಿದೆ, ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಎರಡೂ ಒಬ್ಬರಲ್ಲೇ ಇರಬಹುದು. ಆದ್ದರಿಂದ ಚುಚ್ಚುಮದ್ದು ಪಡೆಯುವ ತಾಯಿಗೆ ಮಕ್ಕಳ ಜೊತೆಯಲ್ಲೇ ತಟ್ಟೆ ಹಾಕಬೇಕು. ಔಷಧಿ ಆರಂಭಿಸುವ ಮುನ್ನ ಹಿಮೋಗ್ಲೋಬಿನ್, ವಿಟಮಿನ್ ಬಿ12, ವಿಟಮಿನ್ ಡಿ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಬೇಕು.

ಇದರ ಇನ್ನೊಂದು ಮುಖವನ್ನೂ ನೆನಪಿಡಬೇಕು. ಅಡುಗೆ ಮಾಡುವವರ ಹಸಿವು ತಗ್ಗಿದರೆ ಮನೆಯ ಅಡುಗೆಯೇ ತಗ್ಗುವುದುಂಟು. ಬೆಳೆಯುವ ಮಕ್ಕಳ ತಟ್ಟೆ ಎಂದಿನಂತೆ ತುಂಬಿರಬೇಕು. ಮನೆಯಲ್ಲಿರುವ ಚುಚ್ಚುಮದ್ದನ್ನು ದಪ್ಪಗಿರುವ ಮಗುವಿಗೆ ತಾವಾಗಿ ಕೊಡುವ ಯೋಚನೆಯನ್ನೂ ಮಾಡಬಾರದು.

ಎರಡನೆಯ ಕಾವಲು: ಸ್ನಾಯುವಿಗೆ ಭಾರದ ಕೆಲಸ

ಪ್ರೋಟೀನ್ ಇಟ್ಟಿಗೆಯಿದ್ದಂತೆ. ಗೋಡೆ ಕಟ್ಟಿಸುವುದು ಭಾರದ ಕೆಲಸ. ಡೆನ್ಮಾರ್ಕಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 195 ಜನರು ಮೊದಲು ಎಂಟು ವಾರ ಮಿತ ಆಹಾರದಿಂದ ತೂಕ ಇಳಿಸಿಕೊಂಡರು. ಆಮೇಲೆ ಒಂದು ವರ್ಷ ಕೆಲವರು ವ್ಯಾಯಾಮ, ಕೆಲವರು ಇದೇ ಗುಂಪಿನ ಹಳೆಯ ಔಷಧಿಯಾದ ಲಿರಾಗ್ಲುಟೈಡ್, ಕೆಲವರು ಎರಡನ್ನೂ ಅನುಸರಿಸಿದರು. ದೇಹದ ಕೊಬ್ಬಿನ ಪಾಲು ಅತಿ ಹೆಚ್ಚು ಇಳಿದದ್ದು ಎರಡನ್ನೂ ಮಾಡಿದವರಲ್ಲಿ, ಅವರ ಸ್ನಾಯುವೂ ಉಳಿಯಿತು.

‘ದಿನವಿಡೀ ಹೊಲದಲ್ಲಿ ದುಡಿಯುತ್ತೇವೆ, ಮತ್ತೆ ವ್ಯಾಯಾಮವೇಕೆ?’ ಎಂದು ನಮ್ಮವರು ಕೇಳುವುದು ಸಹಜ. ಹತ್ತಿ ಬಿಡಿಸುವುದು, ಕಳೆ ಕೀಳುವುದು, ಮಗ್ಗದ ಮುಂದೆ ಕುಳಿತು ಸೀರೆ ನೇಯುವುದು ದಣಿವಿನ ಕೆಲಸಗಳೇ ಹೌದು. ಆದರೆ ಅವುಗಳಲ್ಲಿ ಅದೇ ಚಲನೆ ಸಾವಿರ ಸಲ ನಡೆಯುತ್ತದೆ, ತೊಡೆ, ಬೆನ್ನು, ಎದೆಯ ದೊಡ್ಡ ಸ್ನಾಯುಗಳ ಮೇಲೆ ಏರುವ ಭಾರ ಬೀಳುವುದಿಲ್ಲ. ನಡಿಗೆ ಹೃದಯಕ್ಕೆ ಒಳ್ಳೆಯದು, ಅದೊಂದೇ ಸ್ನಾಯುವನ್ನು ಉಳಿಸದು. ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಜಿಮ್ ಇಲ್ಲದ ಊರಿನಲ್ಲಿ ಮನೆಯಂಗಳವೇ ಸಾಕು:

1. ಕುರ್ಚಿಯಿಂದ ಏಳುವುದು: ಕೈಗಳನ್ನು ಎದೆಗೆ ಕಟ್ಟಿಕೊಂಡು ಎದ್ದು, ನಿಧಾನವಾಗಿ ಕುಳಿತುಕೊಳ್ಳುವುದು.
2. ಗೋಡೆ ದಂಡ: ಗೋಡೆಗೆ ಎರಡೂ ಅಂಗೈ ಊರಿ, ಎದೆಯನ್ನು ಗೋಡೆಯ ಹತ್ತಿರ ತಂದು ಮತ್ತೆ ತಳ್ಳುವುದು.
3. ಮೆಟ್ಟಿಲು ಹತ್ತಿ ಇಳಿಯುವುದು: ಮನೆಯ ಕಟ್ಟೆಯನ್ನು ಒಂದೊಂದೇ ಕಾಲಿನಿಂದ ಹತ್ತುವುದು.
4. ಚೀಲ ಎಳೆಯುವುದು: ಸೊಂಟದಿಂದ ಮುಂದಕ್ಕೆ ಬಾಗಿ, ಬೆನ್ನು ನೇರವಾಗಿಟ್ಟು, ಕಾಳು ತುಂಬಿದ ಕೈಚೀಲವನ್ನು ಪಕ್ಕೆಯವರೆಗೆ ಎಳೆಯುವುದು.
5. ಕೊಡ ಹೊತ್ತು ನಡೆಯುವುದು: ಎರಡೂ ಕೈಗಳಲ್ಲಿ ಸಮಭಾರದ ನೀರಿನ ಬಕೆಟ್ ಅಥವಾ ಕೊಡ ಹಿಡಿದು ಅಂಗಳದಲ್ಲಿ ನಡೆಯುವುದು.

ಒಂದೊಂದನ್ನೂ 8ರಿಂದ 12 ಸಲದಂತೆ, ನಡುವೆ ದಣಿವಾರಿಸಿಕೊಂಡು, ಎರಡು ಮೂರು ಸುತ್ತು ಮಾಡಬೇಕು. ಕೊನೆಯ ಎರಡು ಸಲ ಕಷ್ಟವೆನಿಸಬೇಕು. ಸುಲಭವಾದರೆ ಚೀಲಕ್ಕೆ ಒಂದು ಕಿಲೊ ಹೆಚ್ಚು ಹಾಕಬೇಕು. ಉಸಿರು ಬಿಗಿಹಿಡಿಯಬಾರದು. ಎದೆನೋವು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಬೇಕು. ಹೃದ್ರೋಗ, ಕಣ್ಣಿನ ನರದ ತೊಂದರೆ, ತೀವ್ರ ಮೊಣಕಾಲ ನೋವು ಇರುವವರು ಮೊದಲೇ ವೈದ್ಯರ ಒಪ್ಪಿಗೆ ಪಡೆಯಬೇಕು.

ಮನೆಯಲ್ಲೇ ಅಳತೆ

ಡೆಕ್ಸಾ ಯಂತ್ರ ನಮ್ಮ ಹತ್ತಿರ ಇಲ್ಲದಿದ್ದರೂ ಸ್ನಾಯುಬಲವನ್ನು ಅಳೆಯಬಹುದು. ತೋಳಿಲ್ಲದ ಕುರ್ಚಿಯಲ್ಲಿ ಕುಳಿತು, ಕೈ ಕಟ್ಟಿಕೊಂಡು, ಐದು ಸಲ ಪೂರ್ತಿ ಎದ್ದು ಕುಳಿತುಕೊಳ್ಳಲು ಎಷ್ಟು ಸೆಕೆಂಡು ಬೇಕೆಂದು ಮೊಬೈಲಿನಲ್ಲಿ ನೋಡಬೇಕು. ಏಷ್ಯಾದ ತಜ್ಞರ 2019ರ ಮಾನದಂಡದಂತೆ 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ಬಲ ಕುಂದಿರುವ ಸೂಚನೆ. ಶಾಲೆಗೆ ಹೋಗುವ ಮಕ್ಕಳು ಈ ಲೆಕ್ಕವನ್ನು ಸಂತೋಷದಿಂದ ಬರೆದಿಡುತ್ತಾರೆ. ನೋಟುಪುಸ್ತಕದ ಒಂದು ಹಾಳೆಯಲ್ಲಿ ತಿಂಗಳಿಗೊಮ್ಮೆ ನಾಲ್ಕು ಅಂಕಿ ಸಾಕು: ತೂಕ, ಸೊಂಟದ ಸುತ್ತಳತೆ, ಐದು ಸಲ ಏಳುವ ಸಮಯ, ಎತ್ತಬಲ್ಲ ಚೀಲದ ಭಾರ. ತೂಕ ಮತ್ತು ಸೊಂಟ ಇಳಿದು, ಉಳಿದೆರಡು ಹಾಗೆಯೇ ಇದ್ದರೆ ಅಥವಾ ಸುಧಾರಿಸಿದರೆ ದಾರಿ ಸರಿಯಿದೆ. ತೂಕದ ಜೊತೆಗೆ ಬಲವೂ ಇಳಿಯುತ್ತಿದ್ದರೆ, ಅಥವಾ ವಾರವಾರವೂ ಒಂದು ಕಿಲೊಗಿಂತ ಹೆಚ್ಚು ಇಳಿಯುತ್ತಿದ್ದರೆ, ಆ ಹಾಳೆಯನ್ನು ವೈದ್ಯರಿಗೆ ತೋರಿಸಬೇಕು. ಔಷಧಿಯ ಪ್ರಮಾಣವನ್ನು ಏರಿಸದೆ ತಡೆಯುವುದೋ ತಗ್ಗಿಸುವುದೋ ಅವರ ತೀರ್ಮಾನ.

ಎಚ್ಚರದ ಮಾತುಗಳು

ವಾಕರಿಕೆ, ವಾಂತಿ, ಮಲಬದ್ಧತೆ ಆರಂಭದಲ್ಲಿ ಸಾಮಾನ್ಯ. ಆದರೆ ನಿಲ್ಲದ ವಾಂತಿ, ಬೆನ್ನಿಗೆ ಹರಿಯುವ ತೀವ್ರ ಹೊಟ್ಟೆನೋವು, ಮೂತ್ರ ಬಹಳ ಕಡಿಮೆಯಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಸಿವಿನೊಂದಿಗೆ ಬಾಯಾರಿಕೆಯೂ ತಗ್ಗುವುದರಿಂದ ನಮ್ಮ ಬೇಸಿಗೆಯಲ್ಲಿ ನೀರು, ಮಜ್ಜಿಗೆಯನ್ನು ಲೆಕ್ಕವಿಟ್ಟು ಕುಡಿಯಬೇಕು. ಗ್ಲಿಮೆಪಿರೈಡ್‌ನಂತಹ ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ಜೊತೆಯಲ್ಲಿದ್ದರೆ ರಕ್ತದ ಸಕ್ಕರೆ ತೀರಾ ಇಳಿಯಬಹುದು, ಅವುಗಳ ಪ್ರಮಾಣವನ್ನು ವೈದ್ಯರು ಬದಲಿಸಬೇಕಾಗುತ್ತದೆ. ಗರ್ಭಿಣಿಯರು, ಗರ್ಭ ಧರಿಸಲು ಬಯಸುವವರು, ಮೇದೋಜೀರಕ ಗ್ರಂಥಿಯ ಉರಿಯೂತ ಬಂದಿದ್ದವರು, ಮನೆತನದಲ್ಲಿ ಥೈರಾಯಿಡ್ ಕ್ಯಾನ್ಸರ್ ಇದ್ದವರು ಇದನ್ನು ಮೊದಲೇ ತಿಳಿಸಬೇಕು. ಬಳಸುವ ಮುನ್ನ ಔಷಧಿಯನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು, ಹೆಪ್ಪುಗಟ್ಟಲು ಬಿಡಬಾರದು. ರಾಯಚೂರಿನಿಂದಲೋ ಹೈದರಾಬಾದಿನಿಂದಲೋ ಬಸ್ಸಿನಲ್ಲಿ ತರುವವರು ತಂಪು ಪೆಟ್ಟಿಗೆಯಲ್ಲೇ ತರಬೇಕು. ಚೀಟಿಯಿಲ್ಲದೆ ಕೊಡುವವರಿಂದ, ಬಿಲ್ಲು ಕೊಡದವರಿಂದ ಕೊಳ್ಳಬಾರದು.

ವೈದ್ಯರೊಡನೆ ಮಾತಾಡಲು ಕೆಲವು ತೆಲುಗು ಪದಗಳು

ಹಸಿವು – ಆಕಲಿ. ತೂಕ – ಬರುವು. ಸ್ನಾಯುಗಳು – ಕಂಡರಾಲು. ಪ್ರೋಟೀನ್ – ಮಾಂಸಕೃತ್ತುಲು. ನಿಶ್ಶಕ್ತಿ – ನೀರಸಂ. ವಾಂತಿ – ವಾಂತುಲು. ಹೊಟ್ಟೆನೋವು – ಕಡುಪು ನೊಪ್ಪಿ. ಮಲಬದ್ಧತೆ – ಮಲಬದ್ಧಕಂ. ತಲೆಸುತ್ತು – ಕಳ್ಳು ತಿರಗಡಂ.

ವೈದ್ಯರನ್ನು ಕಾಣುವಾಗ ಮೂರು ಪ್ರಶ್ನೆಗಳನ್ನು ಕೇಳದೆ ಎದ್ದು ಬರಬಾರದು. ನನಗೆ ದಿನಕ್ಕೆ ಎಷ್ಟು ಪ್ರೋಟೀನ್ ಬೇಕು? ನಾನು ಯಾವ ಭಾರದ ವ್ಯಾಯಾಮ ಮಾಡಬಹುದು? ಈ ಔಷಧಿಯನ್ನು ಎಷ್ಟು ಕಾಲ ತೆಗೆದುಕೊಳ್ಳಬೇಕು, ನಿಲ್ಲಿಸುವಾಗ ಹೇಗೆ ನಿಲ್ಲಿಸಬೇಕು? ಈ ಬರಹ ವೈದ್ಯರ ಸಲಹೆಯ ಜಾಗಕ್ಕೆ ಬರುವುದಲ್ಲ, ಆ ಸಲಹೆಯನ್ನು ಕೇಳಿ ಪಡೆಯಲು ನೆರವಾಗುವುದು. ಮನೆಯಲ್ಲಿ ಓದು ಬಾರದ ಹಿರಿಯರಿಗೆ ಕನ್ನಡ ಶಾಲೆಯ ಮಕ್ಕಳು ಇದನ್ನು ಓದಿ ಹೇಳಬೇಕೆಂದು ನಾವು ಕೋರುತ್ತೇವೆ.